ಹದಿನಾಲ್ಕು ದಿನ

ಸೂಜಿಗೆ ದಾರ ಪೋಣಿಸೋಕೆ ಹೊಲಿಗೆ ಟೀಚರಿಗೆ ಈಗ ತಮ್ಮನ ಹೆಂಡತಿಯ ಕಣ್ಣು ಬೇಕು. ಅವಳು ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಹತ್ತು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ. ಟೀಚರು ಗೋಡೆಗೊರಗಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಾರೆ. ಎಲ್ಲಾ ಶಾಲೆ ಮಕ್ಕಳ ಅಂಗಿ. ಅಂಗಡಿಯವನು ಬೆಳಿಗ್ಗೆ ಮೂಟೆ ಕಳಿಸುತ್ತಾನೆ, ಸಂಜೆ ಒಯ್ಯುತ್ತಾನೆ. ಒಂದು ಗುಂಡಿ ಸಡಿಲ ಬಿದ್ದರೂ ಇಡೀ ಅಂಗಿಯ ಕೂಲಿ ಹಿಡಿಯುತ್ತಾನೆ.

"ಅತ್ತಿಗೆ, ಇವತ್ತು ಎರಡು ವಾಪಸ್ ಬಂದಿವೆ," ಅಂತ ತಮ್ಮನ ಹೆಂಡತಿ ಅಂಗಿ ಎತ್ತಿ ತೋರಿಸಿದಳು.

"ಬರಲಿ ಬಿಡು. ಕಾಲ ತಿರುಗ್ತು. ನಾನು ಹುಡುಗೀರ ಕೈಲಿ ಬಿಚ್ಚಿಸಿ ಬಿಚ್ಚಿಸಿ ಹೊಲಿಸ್ತಿದ್ದೆ. ಈಗ ನನ್ನದನ್ನ ಬಿಚ್ಚಿಸ್ತಾ ಇದಾರೆ."

ಟೀಚರು ನಕ್ಕರು. ತಮ್ಮನ ಹೆಂಡತಿ ನಗಲಿಲ್ಲ. ಮನೆಯಲ್ಲಿ ಇರುವುದು ಒಂದೂವರೆ ಕೋಣೆ. ತಮ್ಮ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಗಾಡಿ ಅವನದ್ದಲ್ಲ, ಅದರಲ್ಲಿ ಹೋಗುವ ಸಾಮಾನೂ ಅವನದ್ದಲ್ಲ. 'ಅಕ್ಕ ಇರಲಿ' ಅಂತ ಅವನು ಹೇಳಿದ್ದು ಆರು ವರ್ಷದ ಹಿಂದೆ. ಆಮೇಲೆ ಅವನೂ ಆ ಮಾತು ಮತ್ತೆ ಆಡಲಿಲ್ಲ, ಅಕ್ಕನೂ ಕೇಳಲಿಲ್ಲ.

ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ಎಂಟು ತಿಂಗಳು ದುಡಿದು ನಿವೃತ್ತಿಯಾದವರು ಹೊಲಿಗೆ ಟೀಚರು. ಪಿಂಚಣಿ ಅಂತ ಒಂದು ಕಾಸೂ ಬಂದಿಲ್ಲ. ಅದಕ್ಕೆ ಕಾರಣ ಹದಿನಾಲ್ಕು ದಿನ.

ಅವರನ್ನು ಸೇರಿಸಿಕೊಂಡಾಗ ಕೆಲಸ ತಾತ್ಕಾಲಿಕ. ಹಾಗೆಯೇ ಹದಿನಾಲ್ಕು ವರ್ಷ ನಡೆಯಿತು. ಪ್ರತಿ ವರ್ಷ ಕೊನೆಯ ದಿನದ ಹಿಂದಿನ ಸಂಜೆ ಹೆಡ್‌ಮಾಸ್ಟರು ಒಂದು ಚೀಟಿ ಮುಂದಿಡುತ್ತಿದ್ದರು. ಕೊನೆಯ ದಿನದ ಮಟ್ಟಿಗೆ ಟೀಚರು ಕೆಲಸದಿಂದ ಬಿಡುಗಡೆ. ಮಾರನೇ ದಿನ ಹೊಸ ಆದೇಶ, ಹೊಸ ನೇಮಕ. ಮೊದಲ ವರ್ಷ ಸಹಿ ಹಾಕುವ ಮುಂಚೆ ಟೀಚರು ಚೀಟಿಯನ್ನು ಎರಡು ಸಲ ಓದಿದ್ದರು.

"ಒಂದೇ ದಿನ ಅಲ್ವಾ ಟೀಚರ್? ಕಣ್ಣು ಮುಚ್ಚಿ ಬಿಡೋದರೊಳಗೆ ಹೋಗುತ್ತೆ," ಅಂದಿದ್ದರು ಹೆಡ್‌ಮಾಸ್ಟರು. ಆಮೇಲೆ ದನಿ ಇಳಿಸಿ, "ಹೇಗೂ ನಾಳೆ ನಿಮಗೆ ಕೆಲಸ ಇಲ್ವಲ್ಲ, ಬಂದು ಮಿಷನ್ನುಗಳನ್ನ ಎಣಿಸಿ ಲೆಕ್ಕ ಒಪ್ಪಿಸಿಬಿಡಿ," ಅಂದಿದ್ದರು.

ಕೆಲಸ ಇಲ್ಲದ ದಿನ ಕೆಲಸಕ್ಕೆ ಬರಬೇಕು! ಟೀಚರು ಬಂದರು. ಹದಿನಾಲ್ಕು ವರ್ಷವೂ ಬಂದರು. ಹೊಲಿಗೆ ಮಿಷನ್ನು, ಕತ್ತರಿ, ಬಟ್ಟೆಯ ತಾನು, ದಾರದ ಉಂಡೆ ಎಲ್ಲ ಎಣಿಸಿ ದಾಸ್ತಾನು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.

ಕೆಲಸ ಕಾಯಂ ಆದಮೇಲೆ ಅವರಿಗೆ ಉಳಿದದ್ದು ಒಂಬತ್ತು ವರ್ಷ ಎಂಟು ತಿಂಗಳು. ಪಿಂಚಣಿಗೆ ಹತ್ತು ವರ್ಷ ಬೇಕು. ನಾಲ್ಕು ತಿಂಗಳು ಕಮ್ಮಿ. "ಹಿಂದಿನ ಹದಿನಾಲ್ಕು ವರ್ಷ?" ಅಂತ ಕೇಳಿದರೆ ಪಿಂಚಣಿ ಕಚೇರಿಯವರು ಚೀಟಿಗಳನ್ನು ಎತ್ತಿ ತೋರಿಸಿದರು. "ವರ್ಷಾ ವರ್ಷಾ ಸೇವೆ ಮುರಿದಿದೆಯಲ್ಲಮ್ಮ. ಮುರಿದದ್ದು ಲೆಕ್ಕಕ್ಕೆ ಬರಲ್ಲ."

ಹೀಗೆ ಹದಿನಾಲ್ಕು ದಿನ ಹದಿನಾಲ್ಕು ವರ್ಷವನ್ನು ನುಂಗಿ ನೀರು ಕುಡಿದವು.

*

ನಿವೃತ್ತ ಶಿಕ್ಷಕರ ಸಂಘ ಇದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ. ಗುರುವಾರ ಗುರುವಾರ ಬಾಗಿಲು ತೆರೆಯುತ್ತಿತ್ತು. ಕಬ್ಬಿಣದ ಕುರ್ಚಿಗಳು, ಒಂದು ಕಪಾಟು, ಗೋಡೆ ತುಂಬ ತೀರಿಕೊಂಡ ಸದಸ್ಯರ ಫೋಟೋ. ಫೋಟೋ ಹಾಕಲು ಇನ್ನು ಜಾಗವಿಲ್ಲ ಅಂತ ಡ್ರಿಲ್ ಮೇಷ್ಟ್ರು ಆಗಾಗ ಹೇಳುತ್ತಿದ್ದರು, "ಅದಕ್ಕೇ ನಾನು ಸಾಯೋದನ್ನ ಮುಂದೂಡಿದೀನಿ."

ಮೊದಮೊದಲು ಹೊಲಿಗೆ ಟೀಚರನ್ನು ಸಂಘಕ್ಕೆ ಸೇರಿಸಿಕೊಳ್ಳೋಕೂ ಕೆಲವರು ಮೂಗು ಮುರಿದಿದ್ದರು. ಹೊಲಿಗೆಯೂ ಒಂದು ಪಾಠವೇ? ಅದನ್ನು ಹೇಳಿಕೊಟ್ಟವರೂ ಶಿಕ್ಷಕರೇ? ಅನ್ನೋದು ಅವರ ಅನುಮಾನ. ಡ್ರಿಲ್ ಮೇಷ್ಟ್ರು ಎದ್ದು, "ಹಾಗಾದ್ರೆ ನಾನೂ ಹೊರಗೆ. ಮಕ್ಕಳಿಗೆ ನೆಟ್ಟಗೆ ನಿಲ್ಲೋದು ಕಲಿಸಿದ್ದು ನಾನು, ನಿಮ್ಮ ಬೀಜಗಣಿತ ಅಲ್ಲ," ಅಂದ ಮೇಲೆ ಬಾಯಿ ಮುಚ್ಚಿದರು.

ಸಂಘದ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಚೀಟಿ ಬರೆಯುತ್ತಿದ್ದ ಅದೇ ಹೆಡ್‌ಮಾಸ್ಟರು. ಕೆಟ್ಟವರಲ್ಲ. ಕಣ್ಣು ಕಾಣದ ಮುದುಕರನ್ನು ಕೈಹಿಡಿದು ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದರು. ಸತ್ತವರ ಹೆಂಡಂದಿರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಹೊಲಿಗೆ ಟೀಚರು ದಪ್ಪ ಸೂಜಿ ಹಿಡಿದು ಸಂಘದ ಕಡತಗಳನ್ನೆಲ್ಲ ಹುರಿಯಿಂದ ಹೊಲಿದುಕೊಡುತ್ತಿದ್ದರು. ಊರವರ ಪಿಂಚಣಿಯ ಕಡತ ಹೊಲಿಯೋಕೆ ಇವರು, ಇವರ ಕಡತ ಕೇಳುವವರಿಲ್ಲ.

ಒಂದು ಗುರುವಾರ ಕಡತ ಹೊಲಿಯುತ್ತಿದ್ದಾಗ ಟೀಚರಿಗೆ ದಾಸ್ತಾನು ಪುಸ್ತಕ ನೆನಪಾಯಿತು. ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಅದರಲ್ಲಿ ತಾರೀಖು ಇರಬೇಕಲ್ಲ!

ಮರುದಿನವೇ ಶಾಲೆಗೆ ಹೋದರು. ಹೊಲಿಗೆ ಕೋಣೆಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಮಿಷನ್ನುಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು. ಈಗಿನ ಹೆಡ್‌ಮಿಸ್ ಕಪಾಟಿನ ತಳದಿಂದ ಪುಸ್ತಕ ಎಳೆಸಿ, ಧೂಳು ಹೊಡೆದು, ಪುಟ ತಿರುಗಿಸಿದರು. ವರ್ಷದ ಕೊನೆಯ ದಿನದ ತಾರೀಖು. ಅದರ ಕೆಳಗೆ ಎರಡು ಸಹಿ. ಒಂದು ಹೊಲಿಗೆ ಟೀಚರದ್ದು, ಇನ್ನೊಂದು ಹೆಡ್‌ಮಾಸ್ಟರದ್ದು. ಹದಿನಾಲ್ಕು ಪುಟದಲ್ಲೂ ಹಾಗೆಯೇ.

"ಅಂದ್ರೆ ಬಿಡುಗಡೆ ಆದ ದಿನಾನೂ ನೀವು ಕೆಲಸ ಮಾಡಿದೀರಿ."

"ಬೆಳಿಗ್ಗೆಯಿಂದ ಸಂಜೆವರೆಗೆ."

"ಪ್ರತಿ ತೆಗೆಸಿ ಮೊಹರು ಹಾಕಿ ಕೊಡ್ತೀನಿ ಟೀಚರ್. ಇರೋದನ್ನ ಇದೆ ಅಂತ ಹೇಳೋಕೆ ನನಗೇನು ಭಯ?"

ಆ ಹದಿನಾಲ್ಕು ಹಾಳೆಗಳನ್ನು ಎದೆಗೊತ್ತಿಕೊಂಡು ಟೀಚರು ಮನೆಯವರೆಗೂ ನಡೆದೇ ಬಂದರು. ಆವತ್ತು ವಾಪಸ್ ಬಂದ ಅಂಗಿಗಳನ್ನು ನೋಡಿಯೂ ಬೇಜಾರಾಗಲಿಲ್ಲ.

*

ಅಧ್ಯಕ್ಷರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ ಸಾರ್. ನಿಮಗೇ ಮೊದಲು. ಇದರ ಜೊತೆ ನೀವೊಂದು ಕಾಗದ ಬರೆದುಕೊಟ್ರೆ ಸಾಕು. ಆ ದಿನ ನಾನು ಬಂದಿದ್ದೆ ಅಂತ."

ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಕೆಳಗೆ ಯಾರೋ ಸೈಕಲ್ಲಿನ ಚಕ್ರ ತಿರುಗಿಸುತ್ತಿದ್ದರು.

"ಟೀಚರ್, ಇದು ಮೇಲೆ ಹೋದ್ರೆ ಮೊದಲು ಕೇಳೋದು ನನ್ನನ್ನ. ಕೆಲಸದಲ್ಲಿ ಇಲ್ಲದವರ ಕೈಗೆ ಸರ್ಕಾರದ ಸ್ವತ್ತು ಯಾಕೆ ಕೊಟ್ಟೆ, ಸಹಿ ಯಾಕೆ ಹಾಕಿಸ್ಕೊಂಡೆ ಅಂತ. ವಿಚಾರಣೆ ಇಡ್ತಾರೆ. ವಿಚಾರಣೆ ಮುಗಿಯೋವರೆಗೂ ನನ್ನ ಪಿಂಚಣಿ ನಿಲ್ಲುತ್ತೆ. ನಮ್ಮನೆಯವಳು ಹಾಸಿಗೆ ಹಿಡಿದು ನಾಲ್ಕು ವರ್ಷ ಆಯ್ತು. ನಿಮಗೆ ಗೊತ್ತಿಲ್ದೇ ಇರೋದಾ?"

"ಗೊತ್ತು ಸಾರ್."

"ನಾನೇನು ನನ್ನ ಮನಸ್ಸಿನಿಂದ ಚೀಟಿ ಬರೆದೆನಾ? ಮೇಲಿಂದ ಹೇಳಿದ್ರು, ಬರೆದೆ. ನಾನು ಹೇಳಿದೆ, ನೀವು ಸಹಿ ಹಾಕಿದ್ರಿ. ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟಿತ್ತು."

ಟೀಚರು ಮೇಲಿನ ಹಾಳೆಯ ತಾರೀಖಿನ ಮೇಲೆ ಬೆರಳಿಟ್ಟರು. "ಹಾಗಾದ್ರೆ ಆ ಹದಿನಾಲ್ಕು ದಿನ ನಾನು ಎಲ್ಲಿದ್ದೆ ಸಾರ್?"

ಅಧ್ಯಕ್ಷರು ಹಾಳೆಗಳನ್ನು ಅಂಚು ಸರಿಮಾಡಿ ಅವರ ಕೈಗೇ ವಾಪಸ್ ಕೊಟ್ಟರು.

*

ಎರಡು ವಾರ ಕಳೆದ ಮೇಲೆ ಸಂಘದ ಕಾರ್ಯದರ್ಶಿ, ಅಂದರೆ ಲೆಕ್ಕದ ಮೇಷ್ಟ್ರು, ಪಿಂಚಣಿ ಕಚೇರಿಯಿಂದ ಏದುಸಿರು ಬಿಡುತ್ತ ಬಂದರು. ಮುಖ ಅರಳಿತ್ತು.

ಸಂಘದವರು ಕಳಿಸಿದ ಅರ್ಜಿಗಳು ಒಟ್ಟು ಅರವತ್ತೆಂಟು. ಅದರಲ್ಲಿ ಐವತ್ತೇಳು ಜನಕ್ಕೆ ನಿವೃತ್ತಿಯಾದಾಗಿನಿಂದ ಅರ್ಧ ಪಿಂಚಣಿ ಮಾತ್ರ ಬರುತ್ತಿತ್ತು. ಕಡತ ನೋಡಿ ಪೂರ್ತಿ ಆಮೇಲೆ ಕೊಡ್ತೀವಿ ಅಂದಿದ್ದರು, ಆ 'ಆಮೇಲೆ' ಬಂದೇ ಇರಲಿಲ್ಲ. ಉಳಿದ ಹನ್ನೊಂದು ಜನ, ಹೊಲಿಗೆ ಟೀಚರು, ಡ್ರಿಲ್ ಮೇಷ್ಟ್ರು ಸೇರಿ, ಸೇವೆ ಮುರಿದವರು. ಅವರಿಗೆ ಏನೂ ಇಲ್ಲ.

"ಅಧಿಕಾರಿಗಳು ಒಂದು ದಾರಿ ಹೇಳಿದಾರೆ," ಅಂದರು ಲೆಕ್ಕದ ಮೇಷ್ಟ್ರು. "ಅರವತ್ತೆಂಟೂ ಒಂದೇ ಕಟ್ಟಿನಲ್ಲಿ ಹೋಗಿದೆ. ಹನ್ನೊಂದು ಜನ ನಮಗೆ ಹಕ್ಕಿಲ್ಲ ಅಂತ ಬರೆದುಕೊಟ್ರೆ, ಐವತ್ತೇಳು ಒಂದೇ ಏಟಿಗೆ ಮುಗಿದುಹೋಗುತ್ತೆ. ಹನ್ನೊಂದೂ ಸಹಿ ಬೇಕು. ಒಂದು ತಪ್ಪಿದ್ರೂ ಕಟ್ಟು ಅಲ್ಲೇ ಕೊಳೀತದೆ."

ಕೋಣೆಯಲ್ಲಿ ಕೂತವರೆಲ್ಲ ಹನ್ನೊಂದು ಜನ ಯಾರು ಯಾರು ಅಂತ ಕಣ್ಣಲ್ಲೇ ಹುಡುಕಿದರು. ಅಧ್ಯಕ್ಷರು ಮಾತ್ರ ಮೇಜು ನೋಡುತ್ತಿದ್ದರು.

"ಹನ್ನೊಂದು ಜನಕ್ಕೆ ಹೇಗೂ ಬರೋದಿಲ್ಲ. ಬರದೇ ಇರೋದನ್ನ ಬಿಟ್ಟುಕೊಟ್ರೆ ಏನು ನಷ್ಟ?" ಲೆಕ್ಕದ ಮೇಷ್ಟ್ರು ಲೆಕ್ಕ ಬಿಡಿಸಿಟ್ಟರು.

ಮುಂದಿನ ಭಾನುವಾರ ಸರ್ವ ಸದಸ್ಯರ ಸಭೆ ಅಂತ ನಿಗದಿಯಾಯಿತು.

ಆ ವಾರವೆಲ್ಲ ಟೀಚರ ಮನೆ ಬಾಗಿಲಿಗೆ ಜನ. ಯಾವತ್ತೂ ಬಾರದವರು ಬಂದರು. ಬಾಳೆಹಣ್ಣು ತಂದರು, ಕಣ್ಣೀರು ತಂದರು. ಬಾಗಿಲಲ್ಲೇ ನಿಂತು, "ನಿಮ್ಮ ಕೈಲಿದೆ ನೋಡಿ," ಅಂದು ಹೋದರು. ಶನಿವಾರ ಮಧ್ಯಾಹ್ನ ಭೂಗೋಳದ ಟೀಚರು ಬಂದಳು. ಅದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡ ಗೆಳತಿ. ಕಿಡ್ನಿ ಎರಡೂ ಸೋತಿದ್ದವು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಕೂರಿಸಿ ರಕ್ತ ತೊಳೆಸಬೇಕು ಅಂತ ಡಾಕ್ಟರು ಹೇಳಿದ್ದರು. ಅರ್ಧ ಪಿಂಚಣಿಯಲ್ಲಿ ಒಂದೇ ಸಲ ತೊಳೆಸುತ್ತಿದ್ದಳು.

ಊದಿದ ಕಾಲನ್ನು ಚಾಚಿ ಕೂತಳು. ಅಂಗಿಯ ರಾಶಿಯಿಂದ ಒಂದನ್ನೆತ್ತಿ ಗುಂಡಿ ಮುಟ್ಟಿ ನೋಡಿದಳು.

"ಸಹಿ ಹಾಕು ಅಂತ ಹೇಳೋಕೆ ಬಂದಿಲ್ಲ ಕಣೇ," ಅಂದಳು. ಅಂಗಿಯನ್ನು ರಾಶಿಯ ಮೇಲೆ ವಾಪಸ್ ಇಟ್ಟು, "ಹೇಳೋಕೇ ಬಂದಿದೀನಿ," ಅಂದಳು.

ಹೊಲಿಗೆ ಟೀಚರು ಕೈಲಿದ್ದ ಅಂಗಿ ಕೆಳಗಿಟ್ಟರು.

"ನಾನು ಹಾಕದೇ ಇದ್ರೆ?"

"ನಿನ್ನ ಮೇಲೆ ನನಗೆ ಸಿಟ್ಟು ಬರಲ್ಲ. ಆದ್ರೆ ನನ್ನ ಮಗಳಿಗೆ ಬರುತ್ತೆ. ಅವಳಿಗೆ ನಾನು ಬೇಕು."

ಗೆಳತಿ ಹೋದ ಮೇಲೆ ಟೀಚರಿಗೆ ಸೂಜಿ ಹಿಡಿಯಲಾಗಲಿಲ್ಲ. ಸಹಿ ಹಾಕಿದರೆ ತನ್ನ ಇಪ್ಪತ್ತಮೂರು ವರ್ಷಕ್ಕೆ ತಾನೇ ಮಣ್ಣು ಹಾಕಿದಂತೆ. ಹಾಕದಿದ್ದರೆ ಗೆಳತಿಯ ಬಾಯಿಗೆ ಮಣ್ಣು ಹಾಕಿದಂತೆ. ಇಕ್ಕಳದ ಹಿಡಿ ಎಲ್ಲೋ ಮೇಲಿತ್ತು, ಸಿಕ್ಕಿಕೊಂಡು ನಲುಗುತ್ತಿದ್ದವರು ಇವರಿಬ್ಬರು.

"ಹಾಕಿಬಿಡಿ ಅತ್ತಿಗೆ," ಅಂದಳು ತಮ್ಮನ ಹೆಂಡತಿ. "ಆರು ವರ್ಷ ಬರದೇ ಇದ್ದದ್ದು ಇನ್ನು ಬರುತ್ತಾ? ಇರೋರ ನಿಷ್ಠುರ ಯಾಕೆ ಕಟ್ಕೊಳ್ತೀರಿ?"

ಅವಳು ಹೇಳಿದ್ದು ಸುಳ್ಳಲ್ಲ. ಹಾಕಿಬಿಡೋದು ಅಂತಲೇ ತೀರ್ಮಾನ ಮಾಡಿ ಟೀಚರು ಭಾನುವಾರ ಮನೆಯಿಂದ ಹೊರಟರು.

*

ಸಭೆಗೆ ಕುರ್ಚಿ ಸಾಲದೆ ಮೆಟ್ಟಿಲ ಮೇಲೂ ಜನ ಕೂತಿದ್ದರು. ಮೇಜಿನ ಮೇಲೆ ಒಂದೇ ಹಾಳೆ. ಅಧಿಕಾರಿಯ ಕಚೇರಿಯಲ್ಲೇ ಬೆರಳಚ್ಚಾಗಿ ಬಂದಿತ್ತು. ಡ್ರಿಲ್ ಮೇಷ್ಟ್ರು ಸೇರಿ ಹತ್ತು ಜನರ ಸಹಿ ಆಗಲೇ ಬಿದ್ದಿತ್ತು. ಡ್ರಿಲ್ ಮೇಷ್ಟ್ರು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು, ಆವತ್ತು ಒಂದೂ ತಮಾಷೆ ಮಾಡಲಿಲ್ಲ.

ಲೆಕ್ಕದ ಮೇಷ್ಟ್ರು ಪೆನ್ನಿನ ಟೋಪಿ ತೆಗೆದು ಟೀಚರ ಕೈಗೆ ಕೊಟ್ಟರು. "ಇಲ್ಲಿ, ಹನ್ನೊಂದನೇದು."

ಟೀಚರು ಕೂತರು. ಹೊಲಿದದ್ದನ್ನು ಒಮ್ಮೆ ತಿರುಗಿಸಿ ನೋಡದೆ ಕೈಬಿಡುವ ಅಭ್ಯಾಸ ಅವರಿಗಿರಲಿಲ್ಲ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದತೊಡಗಿದರು.

"ಎಲ್ಲಾ ಓದಿ ಆಗಿದೆ ಟೀಚರ್," ಅಂದರು ಲೆಕ್ಕದ ಮೇಷ್ಟ್ರು.

"ಯಾರು ಓದಿದ್ರು?"

ಲಕ್ಷ ಲಕ್ಷ ನೋಟುಬುಕ್ಕು ತಿದ್ದಿದ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಟೀಚರು ಎದ್ದು ನಿಂತರು. ಗಟ್ಟಿಯಾಗಿ ಓದಿದರು. "ಕೆಳಗೆ ಸಹಿ ಮಾಡಿರುವ ನಾವು, ಸೇವೆಯಿಂದ ಬಿಡುಗಡೆಯಾದ ದಿನಗಳಲ್ಲಿ ಶಾಲೆಗೆ ಬಂದಿರಲಿಲ್ಲ ಹಾಗೂ ಯಾವುದೇ ಕೆಲಸ ಮಾಡಿರಲಿಲ್ಲ ಎಂದು ಸ್ವಇಚ್ಛೆಯಿಂದ ಒಪ್ಪಿಕೊಳ್ಳುತ್ತೇವೆ. ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಇದರ ಆಧಾರದ ಮೇಲೆ ಉಳಿದ ಐವತ್ತೇಳು ಕಡತಗಳನ್ನು ನಿಯಮಾನುಸಾರ ಪರಿಶೀಲಿಸಲಾಗುವುದು."

ಹಾಳೆಯಿಂದ ತಲೆಯೆತ್ತಿ, ತರಗತಿಯಲ್ಲಿ ಕೇಳುವಂತೆ ಕೇಳಿದರು. "ಕೊನೇ ಪದ ಯಾವುದು?"

ಹಿಂದಿನಿಂದ ಯಾರೋ ಮುದುಕರು ಮಕ್ಕಳ ಹಾಗೆ ಹೇಳಿದರು, "ಪರಿಶೀಲಿಸಲಾಗುವುದು."

"ಕೊಡಲಾಗುವುದು ಅಂತ ಎಲ್ಲಾದ್ರೂ ಇದೆಯಾ?"

"ಅಧಿಕಾರಿಗಳು ಬಾಯಲ್ಲಿ ಹೇಳಿದಾರಲ್ಲ," ಅಂದರು ಲೆಕ್ಕದ ಮೇಷ್ಟ್ರು. ಅವರ ದನಿ ಅವರಿಗೇ ಕೇಳಿಸದಷ್ಟು ಸಣ್ಣಗಾಗಿತ್ತು.

"ಆರು ವರ್ಷದಿಂದ ಪರಿಶೀಲನೇನೇ ಆಗ್ತಿದೆ ಕಣ್ರೀ!" ಮೆಟ್ಟಿಲ ಮೇಲಿಂದ ಒಂದು ಹೆಂಗಸಿನ ದನಿ ಬಂತು.

ಆಗ ಗಲಾಟೆ ಎದ್ದಿತು. ಮೋಸ ಅಂದರು ಕೆಲವರು. ಪರಿಶೀಲನೆ ಆದರೂ ಆಗಲಿ, ಮೊದಲು ಸಹಿ ಹಾಕಲಿ ಅಂದರು ಕೆಲವರು. ಮುಂದಿನ ಸಾಲಿನಿಂದ ಒಬ್ಬರು, "ಹೊಲಿಗೆ ಹೇಳಿಕೊಟ್ಟವಳಿಗೆ ಇಷ್ಟು ಹಟಾನಾ?" ಅಂತ ಕೂಗಿದರು. ಟೀಚರು ಮೇಜಿನ ಅಂಚು ಹಿಡಿದುಕೊಂಡರು. ಭೂಗೋಳದ ಟೀಚರು ಎಲ್ಲಿದ್ದಾಳೆ ಅಂತ ನೋಡಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು.

ಟೀಚರು ಚೀಲದಿಂದ ಹದಿನಾಲ್ಕು ಹಾಳೆ ತೆಗೆದು ಅಧ್ಯಕ್ಷರ ಮುಂದಿಟ್ಟರು.

"ಸಾರ್, ಎಲ್ಲರ ಮುಂದೆ ಒಂದು ಮಾತು ಹೇಳಿ. ಆ ದಿನಗಳಲ್ಲಿ ನಾನು ಶಾಲೆಗೆ ಬಂದಿದ್ನಾ, ಇಲ್ವಾ? ಬಂದಿರಲಿಲ್ಲ ಅಂದ್ರೆ ಈಗಲೇ ಸಹಿ ಹಾಕ್ತೀನಿ."

ಅಧ್ಯಕ್ಷರು ಮೇಲಿನ ಹಾಳೆಯನ್ನು ಬೋರಲು ಹಾಕಿದರು.

"ಸಭೆಯಲ್ಲಿ ವೈಯಕ್ತಿಕ ವಿಷಯ ಬೇಡ ಟೀಚರ್," ಅಂದರು.

ಟೀಚರು ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟರು. "ಹಾಗಾದ್ರೆ ನಾನು ಬಂದಿದ್ದೆ," ಅಂದರು. "ಸುಳ್ಳಿಗೆ ಸಹಿ ಹಾಕಲ್ಲ. ಹದಿನಾಲ್ಕು ಸಲ ಹಾಕಿದ್ದೇ ಸಾಕು."

ಡ್ರಿಲ್ ಮೇಷ್ಟ್ರು ಗೋಡೆಯಿಂದ ತಿರುಗಿದರು. ಜನರ ನಡುವೆ ಭುಜ ಕೊಟ್ಟು ನುಗ್ಗಿ ಬಂದು, ಅದೇ ಪೆನ್ನಿನಿಂದ ತಮ್ಮ ಸಹಿಯನ್ನು ಕಾಗದ ಹರಿಯುವ ಹಾಗೆ ಗೀಚಿ ಹಾಕಿದರು. "ನಾನೂ ಬಂದಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೀತಿದ್ದೆ." ಇನ್ನೂ ಮೂವರು ಬಂದು ತಮ್ಮ ತಮ್ಮ ಸಹಿ ಹೊಡೆದುಹಾಕಿದರು. ಉಳಿದ ಆರು ಜನ ಜಾಗ ಬಿಟ್ಟು ಏಳಲಿಲ್ಲ.

ಅರ್ಧ ಜನ ಶಾಪ ಹಾಕುತ್ತ ಮೆಟ್ಟಿಲಿಳಿದರು. ಭೂಗೋಳದ ಟೀಚರೂ ಮಗಳ ಭುಜ ಹಿಡಿದು ಇಳಿದಳು. ತಿರುಗಿ ನೋಡಲಿಲ್ಲ.

*

ಆ ಸಹಿಯಿಲ್ಲದೆಯೇ ಕಡತ ಮುಗಿಸಿಕೊಡಿ ಅಂತ ಕೇಳೋಕೆ ಸೋಮವಾರ ಪಿಂಚಣಿ ಕಚೇರಿಗೆ ಹೋದದ್ದು ಇಪ್ಪತ್ತೊಂದು ಜನ. ಐವತ್ತೇಳರಲ್ಲಿ ಹದಿನಾರು, ಹನ್ನೊಂದರಲ್ಲಿ ಐದು. ಅಧಿಕಾರಿ ದೊಡ್ಡ ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ನೋಡಿ, ನನ್ನ ಕೈಲಾದ್ದು ಮಾಡಿದೆ," ಅಂದರು ಹದಿನಾರು ಜನಕ್ಕೆ ಮಾತ್ರ. "ನಿಮ್ಮ ಸಂಘದ ಒಬ್ಬ ಹೆಂಗಸಿನಿಂದ ಎಲ್ಲರದ್ದೂ ನಿಂತುಹೋಯ್ತು. ಅವರನ್ನೇ ಕೇಳಿ."

ಯಾರೂ ಟೀಚರ ಕಡೆ ನೋಡಲಿಲ್ಲ. ನೋಡದಿರುವುದೂ ಟೀಚರಿಗೆ ಚುಚ್ಚಿತು.

ಆಗ ಬಾಗಿಲಲ್ಲಿ ಒಂದು ಉಸಿರಿನ ಸದ್ದು. ಮಗಳ ಕೈಹಿಡಿದು ಭೂಗೋಳದ ಟೀಚರು ನಿಂತಿದ್ದಳು. ಮೂರು ಮಹಡಿ ಹತ್ತಿ ಬಂದಿದ್ದಳು. ಮಾತಾಡಲು ಗಾಳಿ ಸಾಲದೆ ಸ್ವಲ್ಪ ಹೊತ್ತು ಬಾಗಿಲಿಗೇ ಒರಗಿದಳು.

"ನನ್ನ ಕಡತದಲ್ಲಿ ಏನು ತಪ್ಪಿದೆ?"

ಅಧಿಕಾರಿ ಹುಡುಕಿ ನೋಡಿದರು. "ತಪ್ಪೇನೂ ಇಲ್ಲ."

"ಮತ್ತೆ ಯಾಕೆ ನಿಲ್ಲಿಸಿದೀರಿ?"

"ಹೇಳಿದ್ನಲ್ಲಮ್ಮ, ಇವರ ಕಟ್ಟಿನಲ್ಲಿ..."

"ಕಟ್ಟಿದ್ದು ಯಾರು? ಇವಳಾ?" ಅವಳ ದನಿ ಸೀಳಿತು. "ವಾರಕ್ಕೆ ಎರಡು ಸಲ ಆಗಬೇಕಾದ್ದು ನನಗೆ ಒಂದು ಸಲ ಆಗ್ತಿದೆ. ಇನ್ನೊಂದು ಸಲದ ದುಡ್ಡು ಈ ಕಟ್ಟಿನೊಳಗಿದೆ. ನನ್ನ ದುಡ್ಡನ್ನ ನೀವು ಹಿಡ್ಕೊಂಡು, ಇವಳ ಕುತ್ತಿಗೆ ಹಿಸುಕು ಅಂತ ನನ್ನನ್ನ ಇವಳ ಮನೆಗೆ ಕಳಿಸಿದ್ರಿ. ನಾನೂ ಹೋದೆ. ಹೋಗಿ ಹಿಸುಕಿ ಬಂದೆ."

ಅಧಿಕಾರಿ ಗಡಿಯಾರ ನೋಡಿದರು. "ಕಚೇರಿ ಸಮಯ ಮುಗೀತು. ನಾಳೆ ಬನ್ನಿ."

ಅವರು ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಭೂಗೋಳದ ಟೀಚರೂ ಸೇರಿ ಇಪ್ಪತ್ತೆರಡು ಜನ ಹೊರಗಿನ ಉದ್ದನೆಯ ಪಡಸಾಲೆಗೆ ಬಂದರು. ಇಷ್ಟು ವರ್ಷ ಹೀಗೆಯೇ ಬಂದು ಹೀಗೆಯೇ ಇಳಿದುಹೋಗುತ್ತಿದ್ದರು. ಹೊಲಿಗೆ ಟೀಚರು ಬೆಂಚಿನ ಮೇಲೆ ಕೂತರು. ಏಳಬೇಕು ಅನ್ನಿಸಲಿಲ್ಲ.

ಭೂಗೋಳದ ಟೀಚರು ಬಂದು ಎದುರು ನಿಂತಳು.

"ಸ್ವಲ್ಪ ಸರಿ. ಬೆಂಚೆಲ್ಲಾ ನಿಂದೇನಾ?"

ಟೀಚರು ಸರಿದರು. ಡ್ರಿಲ್ ಮೇಷ್ಟ್ರು ನೆಲದ ಮೇಲೆ ಕೂತರು. ಒಬ್ಬರನ್ನು ನೋಡಿ ಒಬ್ಬರು ಗೋಡೆಗುಂಟ ಕೂತರು. ಕಿಟಕಿಯಿಂದ ಕೆಳಗೆ ನೋಡಿದ ಯಾರೋ, "ಅಧ್ಯಕ್ಷರು ಬಂದಿದಾರೆ," ಅಂದರು. ನಿಜ. ಕಚೇರಿಯ ಗೇಟಿನ ಹತ್ತಿರ ಅಧ್ಯಕ್ಷರು ನಿಂತಿದ್ದರು. ಡ್ರಿಲ್ ಮೇಷ್ಟ್ರು ಎದ್ದು ಕಿಟಕಿಯಿಂದ ಕೂಗಿದರು, "ಸಾರ್, ಮೇಲೆ ಬನ್ನಿ!"

"ಮಂಡಿ ನೋವು ಕಣಯ್ಯಾ," ಅಂತ ಕೆಳಗಿನಿಂದ ಉತ್ತರ ಬಂತು. ಆದರೆ ಮನೆಗೂ ಹೋಗಲಿಲ್ಲ, ಅಲ್ಲೇ ನಿಂತಿದ್ದರು.

ಜವಾನ ಬೀಗದ ಕೈ ಕುಲುಕುತ್ತ ಬಂದ. "ಅಮ್ಮಾ, ಏಳಿ. ಬಾಗಿಲು ಹಾಕಬೇಕು."

"ಹಾಕಪ್ಪ," ಅಂದರು ಹೊಲಿಗೆ ಟೀಚರು. "ನಾವು ಹೋಗಲ್ಲ."

ಜವಾನ ಅವರನ್ನು ನೋಡಿದ, ಅಧಿಕಾರಿಯ ಕೋಣೆಯ ಕಡೆ ನೋಡಿದ, ಮತ್ತೆ ಅವರನ್ನು ನೋಡಿದ. ಒಬ್ಬರೂ ಏಳಲಿಲ್ಲ.